ಮಾತು ಬಲ್ಲವನಿಗೆ ಮಾಣಿಕ್ಯ ಕೊಟ್ಟವರಾರು?

ಮಾತು ಬಲ್ಲವನು ಮಾಣಿಕ್ಯ ತಂದ, ಮಾತರಿಯದವನು ಜಗಳ ತಂದ ಅಂತ ಒಂದು ಗಾದೆ ಇದೆ. ಶಾಲೆಯ ಗೋಡೆಯ ಮೇಲೆ ಬರೆಸಿರುತ್ತಾರೆ. ಮೇಷ್ಟ್ರು ಇದನ್ನೇ ವಿಸ್ತರಿಸಿ ಬರೆಯಿರಿ ಅಂತ ಹುಡುಗರಿಗೆ ಕೊಡುತ್ತಾರೆ. ಈ ಗಾದೆಯನ್ನು ಪೂರಾ ನಂಬಿದರೆ ಒಂದು ವಿಚಿತ್ರ ತೀರ್ಮಾನಕ್ಕೆ ಬರಬೇಕಾಗುತ್ತದೆ. ತಲೆತಲಾಂತರದಿಂದ ಮಾಣಿಕ್ಯ ತಂದುಕೊಂಡು ಮನೆ ತುಂಬಿಸಿಕೊಂಡವರೆಲ್ಲ ಮಾತು ಬಲ್ಲವರು. ಒಂದು ಸೇರು ರಾಗಿಗೂ ಅಂಗಲಾಚಿದ ಕೇರಿಯ ಜನವೆಲ್ಲ ಮಾತರಿಯದವರು. ಹಾಗಾದರೆ ಊರಿನ ಜಮೀನೆಲ್ಲ ನಾಲ್ಕು ಮನೆಗೆ ಸೇರಿದ್ದು ಆ ನಾಲ್ಕು ಮನೆಯವರ ಮಾತಿನ ಚಾತುರ್ಯದಿಂದಲೋ? ಹೊಲೆಯನ ಹೆಗಲಿಗೆ ನೊಗ ಬಿದ್ದದ್ದು ಅವನಿಗೆ ಮಾತು ಬಾರದ್ದರಿಂದಲೋ?

ಈ ಹಳೆಯ ಗಾದೆಯೇ ಈಗ ಹೊಸ ಅಂಗಿ ತೊಟ್ಟುಕೊಂಡು ಬಂದಿದೆ. ಅದರ ಹೆಸರು ನೆಗೋಷಿಯೇಷನ್ ಸ್ಕಿಲ್. ಕನ್ನಡದಲ್ಲಿ ಸಂಧಾನ ಕೌಶಲ ಅನ್ನುತ್ತಾರೆ. ಕಾಲೇಜುಗಳಲ್ಲಿ, ಕೆಲಸಕ್ಕೆ ಸೇರಿಸುವ ತರಬೇತಿಗಳಲ್ಲಿ ಟೈ ಕಟ್ಟಿದವರು ಬಂದು ಹೇಳಿಕೊಡುತ್ತಾರೆ. ಸಂಬಳ ಹೆಚ್ಚಿಸಿಕೊಳ್ಳುವುದು ಹೇಗೆ, ಮೇಲಧಿಕಾರಿಯ ಹತ್ತಿರ ರಜೆ ಕೇಳುವುದು ಹೇಗೆ, ಮನೆ ಮಾಲೀಕನ ಹತ್ತಿರ ಬಾಡಿಗೆ ಇಳಿಸಿಕೊಳ್ಳುವುದು ಹೇಗೆ. ಬೆನ್ನು ನೆಟ್ಟಗಿರಲಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಮುಖದಲ್ಲಿ ನಗೆ ಇರಲಿ ಅನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ನಮ್ಮ ಹುಡುಗರು ಕೂತಿರುತ್ತಾರೆ. ಅವರ ವಂಶದಲ್ಲಿ ಡಿಗ್ರಿ ಕಂಡವರು ಅವರೇ ಮೊದಲು. ಪಾಠ ಮುಗಿಸಿ ಎದ್ದು ಹೋಗುವಾಗ ಅವರ ತಲೆಯಲ್ಲಿ ಒಂದು ಮಾತು ಉಳಿದಿರುತ್ತದೆ: ನಮಗೆ ಸಿಗದೆ ಹೋದದ್ದಕ್ಕೆಲ್ಲ ನಮ್ಮ ನಾಲಗೆಯೇ ಕಾರಣ.

ಕೇಳುವ ಕಲೆ ಬೇಡ ಅಂತ ಹೇಳುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಬೇಕು. ನಮಗೇ ಎಲ್ಲರಿಗಿಂತ ಹೆಚ್ಚಾಗಿ ಬೇಕು. ಆದರೆ ಅದು ಯಾವುದರಿಂದ ಆಗಿದೆ, ನಾಲಗೆಯಿಂದಲೋ ಬೇರೆ ಯಾವುದರಿಂದಲೋ ಎಂಬುದನ್ನು ನಮ್ಮ ಕೆಲವು ಕೃತಿಗಳನ್ನೂ ನಮ್ಮ ಚರಿತ್ರೆಯ ಒಂದು ಒಪ್ಪಂದವನ್ನೂ ಎದುರಿಗಿಟ್ಟುಕೊಂಡು ನೋಡಬೇಕಾಗಿದೆ.

1

ಮೊದಲು ಪದಗಳನ್ನೇ ನೋಡೋಣ. ಒಂದೇ ಕೆಲಸಕ್ಕೆ ಕನ್ನಡದಲ್ಲಿ ಮೂರು ಪದ ಇವೆ. ದೊಡ್ಡವರು ಮಾಡಿದರೆ ಅದು ಸಂಧಾನ. ಬಡವರು ಸಂತೆಯಲ್ಲಿ ಮಾಡಿದರೆ ಚೌಕಾಸಿ. ಕೇರಿಯವರಿಗೆ ಊರಿನವರು ಮಾಡಿಸಿದರೆ ಅದು ರಾಜಿ.

ಸಂಧಾನ ಅಂದಕೂಡಲೇ ನೆನಪಾಗುವವನು ಕೃಷ್ಣ. ಪಾಂಡವರ ಪರವಾಗಿ ಕೌರವರ ಸಭೆಗೆ ಹೋದ, ಕೊನೆಗೆ ಐದು ಊರು ಕೊಟ್ಟರೂ ಸಾಕು ಅಂದ. ಅವನ ಮಾತಿನ ಸೊಗಸನ್ನು ನಮ್ಮ ಹಳ್ಳಿಗಳಲ್ಲಿ ಬೆಳತನಕ ನಾಟಕ ಕಟ್ಟಿ ಆಡಿದ್ದಾರೆ. ಆದರೆ ಆ ಮಾತಿನ ಹಿಂದೆ ಏಳು ಅಕ್ಷೋಹಿಣಿ ಸೈನ್ಯ ನಿಂತಿತ್ತು ಎಂಬುದನ್ನು ಯಾವ ಭಾಗವತನೂ ಒತ್ತಿ ಹೇಳುವುದಿಲ್ಲ. ಅದೇ ಭಾರತದಲ್ಲಿ ಏಕಲವ್ಯನೂ ಇದ್ದಾನೆ. ಅವನ ಹತ್ತಿರ ಯಾರೂ ಸಂಧಾನಕ್ಕೆ ಹೋಗಲಿಲ್ಲ. ಹೆಬ್ಬೆರಳು ಕೇಳಿದರು, ಕೊಟ್ಟ. ಬೆರಳಿನ ಬದಲು ಬೇರೇನಾದರೂ ತಗೊಳ್ಳಿ ಅನ್ನುವ ಒಂದು ಮಾತು ಕೂಡ ಅವನ ಬಾಯಲ್ಲಿ ಇಡಲಿಲ್ಲ. ಅವನಿಗೆ ಮಾತು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅವನ ಹಿಂದೆ ಯಾರೂ ನಿಂತಿರಲಿಲ್ಲ, ಅಷ್ಟೆ.

ಇನ್ನು ರಾಜಿ. ಕೇರಿಯ ಹುಡುಗನಿಗೆ ಹೊಡೆದರೆ, ಹೆಣ್ಣುಮಗಳ ಮೇಲೆ ಕೈಮಾಡಿದರೆ, ಪೊಲೀಸ್ ಠಾಣೆಗೆ ಹೋಗುವ ದಾರಿಯಲ್ಲೇ ಊರ ಹಿರಿಯರು ಎದುರಾಗುತ್ತಾರೆ. ‘ಆಗಿದ್ದು ಆಗೋಯ್ತು, ರಾಜಿ ಮಾಡ್ಕಳ್ರಪ್ಪ, ನಾಳೆ ಒಂದೇ ಊರಲ್ಲಿ ಬಾಳ್ಬೇಕಲ್ಲ’ ಅನ್ನುತ್ತಾರೆ. ಈ ಮಾತಿನಲ್ಲಿ ಗದರಿಕೆ ಇಲ್ಲ, ಬೈಗುಳ ಇಲ್ಲ. ತರಬೇತಿಯ ಪುಸ್ತಕ ಹೇಳುವಂತೆ ದನಿ ಮೆತ್ತಗಿದೆ, ಮುಖದಲ್ಲಿ ನಗೆಯೂ ಇದೆ. ಆದರೆ ‘ಒಂದೇ ಊರಲ್ಲಿ ಬಾಳ್ಬೇಕಲ್ಲ’ ಅನ್ನುವ ಕಡೆಯ ಮಾತಿನೊಳಗೆ ಕೂಲಿ ಇದೆ, ಸಾಲ ಇದೆ, ಮೇವು ಸೌದೆ ಇದೆ, ಬೆಂಕಿಯೂ ಇದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ ಅಂತ ಪೇಟೆಯಲ್ಲಿ ಕೂತು ಕೇಳುವುದು ಸುಲಭ. ಕೋರ್ಟಿನಿಂದ ಹೊರಬಂದ ಸಾಕ್ಷಿ ಆ ರಾತ್ರಿ ಯಾವ ಊರಲ್ಲಿ, ಯಾವ ಬಾಗಿಲು ಹಾಕಿಕೊಂಡು ಮಲಗಬೇಕು ಅಂತ ಕೇಳುವವರು ಕಡಿಮೆ.

ಒಬ್ಬನಿಗೆ ಎದ್ದು ಹೋಗುವ ದಾರಿ ಇದ್ದು ಕೂತರೆ ಅದು ಸಂಧಾನ. ದಾರಿ ಇಲ್ಲದವನನ್ನು ಕೂರಿಸಿಕೊಂಡರೆ ಅದು ರಾಜಿ. ಎರಡಕ್ಕೂ ಇರುವ ವ್ಯತ್ಯಾಸ ನಾಲಗೆಯದಲ್ಲ.

2

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಈ ಕಾದಂಬರಿಯನ್ನು ನಮ್ಮ ವಿಮರ್ಶಕರು ದುರಂತ ಅಂದರು, ಕರುಣೆಯ ಕಾವ್ಯ ಅಂದರು, ಅಸ್ಪೃಶ್ಯತೆಯ ಚಿತ್ರ ಅಂದರು. ಇದನ್ನು ಕೇಳಿ ಕೇಳಿ ಸೋತ ಒಬ್ಬ ಮನುಷ್ಯನ ಕತೆಯಾಗಿ ಯಾರೂ ಸರಿಯಾಗಿ ಓದಲಿಲ್ಲ.

ಚೋಮನಿಗೆ ಬೇಕಾಗಿರುವುದು ಒಂದೇ ಒಂದು. ತುಂಡು ಭೂಮಿ, ತಾನೇ ಉಳುವ ಬೇಸಾಯ. ಅವನ ಹತ್ತಿರ ಒಂದು ಜೊತೆ ಎತ್ತೂ ಇವೆ. ಕೆಲಸ ಬಲ್ಲ. ಮೈಯಲ್ಲಿ ಕಸುವಿದೆ. ಧಣಿ ಸಂಕಪ್ಪಯ್ಯನ ಹತ್ತಿರ ಕೇಳುತ್ತಾನೆ. ಸಂಕಪ್ಪಯ್ಯ ಕಟುಕನೇನೂ ಅಲ್ಲ, ಅವನ ಮನಸ್ಸು ಕೊಂಚ ಅಲ್ಲಾಡುತ್ತದೆ ಕೂಡ. ಆದರೆ ಹೊಲೆಯ ಬೇಸಾಯಗಾರನಾಗುವುದು ನಡೆದು ಬಂದ ಪದ್ಧತಿಯಲ್ಲ. ಅಲ್ಲಿಗೆ ಮಾತು ಮುಗಿಯಿತು. ಗೇಣಿ ಎಷ್ಟು, ಮುಂಗಡ ಎಷ್ಟು, ಬೆಳೆಯಲ್ಲಿ ಪಾಲು ಎಷ್ಟು ಎಂಬ ಲೆಕ್ಕಕ್ಕೇ ಅದು ಬರಲಿಲ್ಲ. ಜಾತಿಯ ಗುಟ್ಟು ಇರುವುದೇ ಇಲ್ಲಿ. ಅದು ಚೌಕಾಸಿಯಲ್ಲಿ ನಮ್ಮನ್ನು ಸೋಲಿಸುವುದಿಲ್ಲ, ಚೌಕಾಸಿಯ ಜಗಲಿಯನ್ನೇ ಹತ್ತಗೊಡುವುದಿಲ್ಲ.

ಇನ್ನೊಂದು ಕಡೆ ಮನ್ವೇಲನ ಸಾಲ. ಅದನ್ನು ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ಚನಿಯ ಜ್ವರದಲ್ಲಿ ಹೋದ. ಗುರುವ ಕಿರಿಸ್ತಾನನಾಗಿ ತೋಟದ ಕಡೆಯೇ ಉಳಿದ. ಕೊನೆಗೆ ಬೆಳ್ಳಿ ಹೋಗಬೇಕಾಯಿತು. ಆ ಸಾಲ ಯಾವ ಬೆಲೆಗೆ ತೀರಿತು ಅನ್ನುವುದನ್ನು ಕಾದಂಬರಿ ಓದಿದವರು ಬಲ್ಲರು. ಚೋಮನಿಗೆ ಇದ್ದ ಒಂದೇ ಒಂದು ಬೇರೆ ದಾರಿ ಇಗರ್ಜಿಯದು. ಅಲ್ಲಿಗೆ ಹೋದರೆ ಭೂಮಿ ಸಿಗಬಹುದು. ಹೊರಟೂ ಹೊರಟ. ಆದರೆ ಪಂಜುರ್ಲಿ ಬಿಡಲಿಲ್ಲ, ಅರ್ಧ ದಾರಿಯಿಂದ ಹಿಂದೆ ಬಂದ. ಧಣಿಯ ಕಟ್ಟುಪಾಡು ಹೊರಗಿನಿಂದ ಒಂದು ಬಾಗಿಲು ಹಾಕಿತು, ದೈವದ ಭಯ ಒಳಗಿನಿಂದ ಇನ್ನೊಂದು ಬಾಗಿಲು ಹಾಕಿತು. ಆಮೇಲೆ ಉಳಿದದ್ದು ದುಡಿ.

ಈಗ ಕೇಳೋಣ. ಚೋಮನನ್ನು ಆ ತರಬೇತಿಗೆ ಮೂರು ದಿನ ಕೂರಿಸಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತೇ? ಬೆನ್ನು ನೆಟ್ಟಗೆ ಮಾಡಿಕೊಂಡು ಸಂಕಪ್ಪಯ್ಯನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರೆ ಅವನ ಬೆನ್ನ ಚರ್ಮ ಉಳಿಯುತ್ತಿತ್ತೇ?

ಕಾರಂತರು ದೊಡ್ಡ ಲೇಖಕರು. ಬಾಗಿಲುಗಳು ಯಾವ ಯಾವ ಕಡೆಯಿಂದ ಮುಚ್ಚಿಕೊಳ್ಳುತ್ತವೆ ಎಂಬುದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದರು. ಆದರೆ ಚೋಮನ ಕೈಗೆ ದುಡಿ ಕೊಟ್ಟ ಅವರು ಅವನ ಪಕ್ಕಕ್ಕೆ ಇನ್ನೊಬ್ಬ ಚೋಮನನ್ನು ತಂದು ನಿಲ್ಲಿಸಲಿಲ್ಲ. ಕಾದಂಬರಿಯ ಉದ್ದಕ್ಕೂ ಅವನು ಒಬ್ಬನೇ ಕೇಳುತ್ತಾನೆ, ಒಬ್ಬನೇ ಕುಡಿಯುತ್ತಾನೆ, ಒಬ್ಬನೇ ಬಾರಿಸುತ್ತಾ ಸಾಯುತ್ತಾನೆ. ಕನ್ನಡದ ಓದುಗ ಅವನಿಗಾಗಿ ಕಣ್ಣೀರು ಹಾಕಿದ. 1975ರಲ್ಲಿ ಅದು ಸಿನಿಮಾ ಆದಾಗಲೂ ಹಾಕಿದ. ಅದೇ ವರ್ಷ ಅಕ್ಟೋಬರಿನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಕಾಯಿದೆಯಾಯಿತು. ಕಣ್ಣೀರಿನಿಂದ ಚೋಮನ ಒಂದು ದಮ್ಮಡಿ ಸಾಲವೂ ತೀರುವುದಿಲ್ಲ. ಕಾಗದದ ಮೇಲಾದರೂ ಆ ಸಾಲವನ್ನು ಹೊಡೆದು ಹಾಕಿದ್ದು ಈ ಕಾಯಿದೆ.

3

ಈ ಸಂಧಾನದ ತರಬೇತಿಗಳಿಗೆಲ್ಲ ಮೂಲವಾದ ಪುಸ್ತಕಗಳಲ್ಲಿ ಒಂದು 1981ರಲ್ಲಿ ಅಮೆರಿಕದಲ್ಲಿ ಬಂದ ‘ಗೆಟಿಂಗ್ ಟು ಯೆಸ್’. ಬರೆದವರು ಹಾರ್ವರ್ಡಿನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ. ಅದರಲ್ಲಿ ಒಂದು ಕಿತ್ತಳೆ ಹಣ್ಣಿನ ಕತೆ ಬರುತ್ತದೆ. ಒಂದು ಹಣ್ಣಿಗೆ ಇಬ್ಬರು ಮಕ್ಕಳು ಜಗಳ ಆಡಿ ಅರ್ಧ ಅರ್ಧ ಹಂಚಿಕೊಳ್ಳುತ್ತಾರೆ. ಒಂದು ಮಗು ತೊಳೆ ತಿಂದು ಸಿಪ್ಪೆ ಎಸೆಯುತ್ತದೆ. ಇನ್ನೊಂದು ಅಡಿಗೆಗೆ ಸಿಪ್ಪೆ ಇಟ್ಟುಕೊಂಡು ತೊಳೆ ಎಸೆಯುತ್ತದೆ. ಏನು ಬೇಕು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರೆ ಒಂದಕ್ಕೆ ಪೂರ್ತಿ ತೊಳೆ, ಇನ್ನೊಂದಕ್ಕೆ ಪೂರ್ತಿ ಸಿಪ್ಪೆ ಸಿಗುತ್ತಿತ್ತು ಎಂಬುದು ನೀತಿ.

ಕತೆ ಚೆನ್ನಾಗಿದೆ. ಆದರೆ ಹಣ್ಣು ಅವರಿಗೆ, ಸಿಪ್ಪೆ ನಮಗೆ ಅನ್ನುವ ಹಂಚಿಕೆ ನಮ್ಮ ಕೇರಿಗೆ ಹೊಸ ಪಾಠವೇನಲ್ಲ. ಆ ಹಂಚಿಕೆಯನ್ನು ಧರ್ಮ ಅಂತಲೇ ಸಾವಿರ ವರ್ಷ ನಂಬಿಸಿದ್ದಾರೆ. ಸಿಪ್ಪೆ ಪಡೆದವನು ಸಿಪ್ಪೆಯನ್ನು ಬಯಸಿ ಪಡೆದನೋ, ಬೇರೆ ಸಿಗುವುದಿಲ್ಲ ಅಂತ ಪಡೆದನೋ ಎಂಬ ಪ್ರಶ್ನೆ ಆ ಕತೆಯೊಳಗೆ ಇಲ್ಲ.

ಹಾಗಂತ ಪುಸ್ತಕವನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದು ಬಹಳ ಮುಖ್ಯವಾದದ್ದು. ಎದುರಾಳಿ ಬಲಶಾಲಿಯಾಗಿದ್ದರೆ ಏನು ಮಾಡಬೇಕು? ಒಪ್ಪಂದ ಆಗದೇ ಹೋದರೆ ನಿನ್ನ ಕೈಲಿರುವ ಅತ್ಯುತ್ತಮ ದಾರಿ ಯಾವುದು ಅಂತ ಮೊದಲೇ ಕಂಡುಕೊಂಡು ಅದನ್ನು ಗಟ್ಟಿ ಮಾಡಿಕೋ ಅನ್ನುತ್ತಾರೆ ಅವರು. ಅದಕ್ಕೆ ‘ಬ್ಯಾಟ್ನಾ’ ಅಂತ ಒಂದು ಹೆಸರನ್ನೂ ಕೊಟ್ಟಿದ್ದಾರೆ. ಚೌಕಾಸಿಯ ಬಲ ಇರುವುದು ದುಡ್ಡಿನಲ್ಲೋ ಅಂತಸ್ತಿನಲ್ಲೋ ಅಲ್ಲ, ಒಪ್ಪದೇ ಎದ್ದು ಹೋದರೆ ಇಬ್ಬರಿಗೂ ಏನು ಉಳಿಯುತ್ತದೆ ಎಂಬುದರಲ್ಲಿ. ನಮ್ಮ ಸಂತೆಯ ಮುದುಕಿಗೂ ಇದು ಗೊತ್ತು. ಬಾಡುವ ಮುಂಚೆ ಸೊಪ್ಪು ಮಾರಲೇಬೇಕಾದವಳು ಬೆಲೆ ಇಳಿಸುತ್ತಾಳೆ, ಉಪ್ಪಿನ ಮೂಟೆ ಇಟ್ಟವಳು ನಗುತ್ತಾ ಕೂತಿರುತ್ತಾಳೆ.

ಇಲ್ಲಿ ಪಾಠ ಹೇಳುವ ಬಹುಪಾಲು ಜನ ಈ ಅಧ್ಯಾಯವನ್ನು ಬಿಟ್ಟು ನಗೆ, ನಿಲುವು, ದನಿ ಇಷ್ಟನ್ನೇ ಇಟ್ಟುಕೊಂಡಿದ್ದಾರೆ. ಯಾಕೆಂದರೆ ಆ ಅಧ್ಯಾಯವನ್ನು ಕೇರಿಯಲ್ಲಿ ಕೂತು ಓದಿದರೆ ಅದು ಭೂಮಿ ಕೇಳುತ್ತದೆ, ಪಡಿತರ ಕೇಳುತ್ತದೆ, ಸಂಘ ಕೇಳುತ್ತದೆ.

ಇದನ್ನೇ ಇನ್ನೊಂದು ಕಡೆಯಿಂದ ನಮ್ಮ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆ ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಕೋರ್ಟು ತೀರ್ಪು ಕೊಟ್ಟಿತು. ಅವನೇ ಒಪ್ಪಿಕೊಂಡು ಬಂದನಲ್ಲ ಅನ್ನುವ ವಾದಕ್ಕೆ, ಹಸಿವು ಬಡತನಗಳಿಂದ ಬೇರೆ ದಾರಿ ಇಲ್ಲದೆ ಒಪ್ಪಿಕೊಳ್ಳುವುದೂ ಬಲವಂತವೇ ಎಂಬುದು ಉತ್ತರ. ಬಾರುಕೋಲು ಹಿಡಿದು ಯಾರೂ ನಿಲ್ಲಬೇಕಾಗಿಲ್ಲ. ಖಾಲಿ ಮಡಕೆಯೇ ಸಾಕು. ಚೋಮನ ಕತೆಯನ್ನು ಈ ತೀರ್ಪಿನಷ್ಟು ಚೆನ್ನಾಗಿ ವಿಮರ್ಶಿಸಿದ ಸಾಹಿತ್ಯ ವಿಮರ್ಶಕ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ.

4

ಕೇರಿಗೆ ಮಾತು ಬರುವುದಿಲ್ಲ ಅನ್ನುವವರು ದೇವನೂರ ಮಹಾದೇವರ ‘ಒಡಲಾಳ’ ಓದಬೇಕು. ಅಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕಿಕೊಂಡು ಹೊರಟರೆ ಕೇರಿಯೇ ಸದ್ದಾಗುತ್ತದೆ. ಮನೆಯೊಳಗೆ ಮಕ್ಕಳ ಜೊತೆ ಆಸ್ತಿ ಪಾಲಿನ ಮಾತಿಗೆ ನಿಂತರೆ ಅವಳನ್ನು ಸೋಲಿಸುವವರಿಲ್ಲ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು, ಯಾವಾಗ ಅಳಬೇಕು, ಯಾವಾಗ ಶಾಪ ಹಾಕಬೇಕು ಎಲ್ಲಾ ಗೊತ್ತು ಅವಳಿಗೆ. ಆದರೆ ಸಾಹುಕಾರ ಎತ್ತಪ್ಪನ ಮನೆಯ ಕಳವಿನ ಹೆಸರಿನಲ್ಲಿ ಪೊಲೀಸರು ಅದೇ ಗುಡಿಸಲೊಳಕ್ಕೆ ನುಗ್ಗಿದಾಗ ಆ ಬಾಯಿಗೆ ಎಷ್ಟು ಬೆಲೆ? ನಾಲಗೆ ಅದೇ. ಎದುರಿಗೆ ನಿಂತವರು ಬದಲಾದರು.

ದನದ ಜಾತ್ರೆಗೆ ಹೋಗಿ ನೋಡಿ. ದಲ್ಲಾಳಿ ಟವಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳಲ್ಲೇ ಬೆಲೆ ಹೇಳುತ್ತಾನೆ, ಕೊಳ್ಳುವವನು ಬೆರಳಲ್ಲೇ ಉತ್ತರ ಕೊಡುತ್ತಾನೆ. ಪಕ್ಕದವನಿಗೂ ತಿಳಿಯುವುದಿಲ್ಲ. ಇದು ಓದುಬರಹ ಇಲ್ಲದ ನಮ್ಮ ಜನ ಕರಗತ ಮಾಡಿಕೊಂಡಿರುವ ವಿದ್ಯೆ. ಎತ್ತಿನ ಹಲ್ಲು ಹಿಡಿದು ನೋಡಿ ನೂರು ರೂಪಾಯಿಗೆ ಅರ್ಧ ಗಂಟೆ ಹಟ ಮಾಡುವ ಮನುಷ್ಯನೇ, ತನ್ನ ಮಗನನ್ನು ಗೌಡನ ಮನೆ ಜೀತಕ್ಕೆ ಬಿಡುವಾಗ ಕೈಕಟ್ಟಿ ನಿಂತು ಕೊಟ್ಟಷ್ಟು ಈಸಿಕೊಂಡು ಬಂದ. ಎತ್ತಿಗೆ ಇದ್ದ ಬೆಲೆ ಮಗನಿಗೆ ಇರಲಿಲ್ಲ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಹುಡುಗನೊಬ್ಬ ಹೊಲದಲ್ಲಿ ಮನುಷ್ಯರೇ ನೊಗ ಹೊತ್ತು ಎಳೆಯುವುದನ್ನು ನೋಡುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬ ಅವನ ಅಪ್ಪ. ಎತ್ತನ್ನು ಬಾಡಿಗೆಗೆ ತಂದರೆ ಚೌಕಾಸಿ ಮಾಡಬೇಕು, ಮನುಷ್ಯನಾದರೆ ಕರೆದರೆ ಸಾಕು.

ಕೌಶಲ ನಮ್ಮಲ್ಲಿ ಇದೆ. ಅದನ್ನು ಬಳಸಗೊಡುವ ಜಾಗ, ಬಳಸಗೊಡದ ಜಾಗ ಅಂತ ಊರು ಗೆರೆ ಎಳೆದಿದೆ. ಗೆರೆ ದಾಟಿ ಬಳಸಿದರೆ ಹೆಸರೇ ಬದಲಾಗುತ್ತದೆ. ಮೇಲಿನವನು ಮಾತಾಡಿದರೆ ವಾಗ್ಮಿ, ಕೇರಿಯವನು ಮಾತಾಡಿದರೆ ಕೊಬ್ಬು. ಮೇಲಿನವಳು ಕೇಳಿದರೆ ಚತುರೆ, ಕೇರಿಯವಳು ಕೇಳಿದರೆ ಬಜಾರಿ. ಪೇಟೆಯಲ್ಲೂ ಇದೇ ಕತೆ. ನಮ್ಮ ಹುಡುಗ ಬಾಡಿಗೆ ಮನೆ ಕೇಳಲು ಹೋದರೆ ಬಾಡಿಗೆಯ ಮಾತಿಗಿಂತ ಮುಂಚೆ ‘ನೀವು ಯಾವ ಜನ’ ಎಂಬ ಮಾತು ಬರುತ್ತದೆ. ಈಗ ಅದನ್ನು ‘ನೀವು ವೆಜ್ಜಾ’ ಅಂತ ಕೇಳುತ್ತಾರೆ. ಉತ್ತರ ಸರಿ ಇದ್ದರೆ ಆಮೇಲೆ ಚೌಕಾಸಿ. ಇಲ್ಲದಿದ್ದರೆ ಮನೆ ನೆನ್ನೆಯೇ ಬೇರೆಯವರಿಗೆ ಆಗಿಹೋಗಿರುತ್ತದೆ.

5

ಈ ದೇಶದಲ್ಲಿ ದಲಿತರ ಪರವಾಗಿ ನಡೆದ ಅತಿ ದೊಡ್ಡ ಸಂಧಾನ 1932ರ ಪೂನಾ ಒಪ್ಪಂದ. ಅದನ್ನು ನಾವು ನೋವಿನಿಂದ ನೆನೆಯುತ್ತೇವೆ, ಸಿಟ್ಟಿನಿಂದ ನೆನೆಯುತ್ತೇವೆ. ಕೌಶಲದ ದೃಷ್ಟಿಯಿಂದಲೂ ಅದನ್ನು ಓದಬೇಕು.

ಆಗಸ್ಟ್ 16ರಂದು ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಕೊಟ್ಟ ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನ, ಪ್ರತ್ಯೇಕ ಮತಕ್ಷೇತ್ರ ಇತ್ತು. ಸಂಬಂಧಪಟ್ಟ ಜನಗಳೇ ಕೂತು ಒಪ್ಪಿಕೊಂಡು ಬಂದರೆ ಮಾತ್ರ ಬದಲಾಯಿಸುತ್ತೇವೆ ಎಂಬ ಮಾತೂ ಇತ್ತು. ಅಂದರೆ ಅಂಬೇಡ್ಕರ್ ಸಹಿ ಇಲ್ಲದೆ ಆ ತೀರ್ಪು ಕದಲುವಂತಿರಲಿಲ್ಲ. ಶತಮಾನಗಳಲ್ಲಿ ಮೊದಲ ಸಲ ಒಬ್ಬ ಅಸ್ಪೃಶ್ಯನ ಹತ್ತಿರ, ಒಪ್ಪದೇ ಎದ್ದು ಹೋದರೂ ಕಳೆದುಕೊಳ್ಳದಂಥ ಒಂದು ಕಾಗದ ಇತ್ತು. ಅದಕ್ಕೇ ಇಡೀ ದೇಶದ ಮುಖಂಡರು ಅವನ ಬಾಗಿಲಿಗೆ ಬಂದರು.

ಸೆಪ್ಟೆಂಬರ್ 20ರಂದು ಗಾಂಧಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಕಾಗದ ಹಾಗೇ ಇತ್ತು, ಆದರೆ ಅದರ ಬೆಲೆ ಬದಲಾಯಿತು. ಗಾಂಧಿಯ ಜೀವಕ್ಕೆ ಏನಾದರೂ ಆದರೆ ಹಳ್ಳಿ ಹಳ್ಳಿಯ ಕೇರಿಗಳ ಗತಿ ಏನು? ಎದ್ದು ಹೋಗುವ ದಾರಿಯ ಮೇಲೆ ಸಾವಿರಾರು ಗುಡಿಸಲುಗಳು ನಿಂತುಬಿಟ್ಟವು. ಸಂಧಾನ ರಾಜಿಯ ಕಡೆಗೆ ವಾಲಿದ್ದು ಇಲ್ಲಿ. ಅಂಬೇಡ್ಕರರಿಗಿಂತ ಚೆನ್ನಾಗಿ ಓದಿಕೊಂಡವರು, ಅವರಿಗಿಂತ ಗಟ್ಟಿಯಾಗಿ ವಾದಿಸುವವರು ಆ ಕೋಣೆಯಲ್ಲಿ ಯಾರಿದ್ದರು? ಆದರೂ ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟುಹೋಯಿತು.

ಆದರೆ ಗಮನಿಸಿ. ಆ ಇಕ್ಕಟ್ಟಿನಲ್ಲೂ ಅವರು ಬರಿಗೈಲಿ ಏಳಲಿಲ್ಲ. 24ರಂದು ಸಹಿ ಬಿದ್ದ ಕಾಗದದಲ್ಲಿ 71 ಇದ್ದದ್ದು 148 ಆಗಿತ್ತು. ಕೇಂದ್ರ ಶಾಸನಸಭೆಯ ಸಾಮಾನ್ಯ ಸ್ಥಾನಗಳಲ್ಲಿ ಶೇಕಡ 18 ಇತ್ತು. ನಾಲ್ಕು ಜನ ಅಭ್ಯರ್ಥಿಗಳನ್ನು ಅಸ್ಪೃಶ್ಯ ಮತದಾರರೇ ಮೊದಲು ಆರಿಸುವ ಏರ್ಪಾಡು ಹತ್ತು ವರ್ಷಕ್ಕೆ ಇತ್ತು. ಮೀಸಲು ಸ್ಥಾನಗಳು ಪರಸ್ಪರ ಒಪ್ಪಿ ತೀರ್ಮಾನಿಸುವ ತನಕ ಮುಂದುವರಿಯಬೇಕು ಅಂತ ಬರೆಸಿದ್ದರು. ಪ್ರತಿ ಪ್ರಾಂತದ ವಿದ್ಯಾಭ್ಯಾಸದ ಹಣದಲ್ಲಿ ಅಸ್ಪೃಶ್ಯರ ಮಕ್ಕಳಿಗೆಂದು ತೆಗೆದಿಡಬೇಕು ಎಂಬುದೂ ಸೇರಿತ್ತು. ಭಾವನೆಯ ಪ್ರವಾಹ ಉಕ್ಕಿ ಹರಿಯುತ್ತಿದ್ದಾಗ ಅವರು ಅಂಕಿ ಹಿಡಿದು ಕೂತಿದ್ದರು. ಮಹಾತ್ಮರ ಮಾತು ಸಾಕು ಅನ್ನಲಿಲ್ಲ, ಬರೆಯಿರಿ ಅಂದರು. ಒಪ್ಪಂದ ಆದಮೇಲೂ ಸುಮ್ಮನಾಗದೆ, ಅದರಿಂದ ಏನಾಯಿತು ಎಂಬುದರ ಲೆಕ್ಕವನ್ನು 1945ರಲ್ಲಿ ಒಂದು ದೊಡ್ಡ ಪುಸ್ತಕವಾಗಿ ಬರೆದು ಕಾಂಗ್ರೆಸ್ಸಿನ ಮುಂದಿಟ್ಟರು.

ನಮ್ಮ ಮನೆಗಳಲ್ಲಿ ಅಂಬೇಡ್ಕರ್ ಪಟ ಇದೆ. ಬೆರಳೆತ್ತಿ ನಿಂತ ಪ್ರತಿಮೆ ಊರೂರಲ್ಲಿ ಇದೆ. ಪೆನ್ಸಿಲ್ ಹಿಡಿದು 71ಕ್ಕೂ 148ಕ್ಕೂ ನಡುವೆ ಹಗ್ಗ ಜಗ್ಗಿದ ಅಂಬೇಡ್ಕರ್ ನಮ್ಮ ಹಾಡುಗಳಲ್ಲಿ ಇಲ್ಲ.

6

ಇಲ್ಲಿ ನಮ್ಮ ಚಳವಳಿಯ ಸಾಹಿತ್ಯಕ್ಕೂ ಒಂದು ಮಾತು ಹೇಳಬೇಕು. ನಾವು ಬರೆದ ಕತೆ ಕವಿತೆಗಳಲ್ಲಿ ಹೆಚ್ಚಾಗಿ ಎರಡೇ ಭಂಗಿ ಕಾಣುತ್ತವೆ. ಒಂದು ಕೈಮುಗಿದು ನಿಂತವನು, ಇನ್ನೊಂದು ಕೊಡಲಿ ಎತ್ತಿದವನು. ಎರಡೂ ನಿಜ. ಎರಡನ್ನೂ ಬರೆಯಬೇಕಾಗಿತ್ತು, ಬರೆದೆವು. ಆದರೆ ಈ ಎರಡರ ನಡುವೆ ಪ್ರತಿದಿನ ಒಬ್ಬರು ನಿಂತಿರುತ್ತಾರೆ. ಕೂಲಿ ಎಷ್ಟು ಅಂತ ಕೇಳುವವರು ಅವರು. ಬೆಳಗಿನ ಜಾವ ಕೇರಿಯ ಮುಂದೆ ನಡೆಯುವ ಈ ಮಾತು ಕೇಳಿ:

‘ಬರ್ತೀರೇನ್ರವ್ವ ಕಳೆ ಕೀಳಾಕೆ?’

‘ಎಷ್ಟು ಕೊಟ್ಟೀರಿ ಗೌಡ್ರೆ?’

‘ಕೊಡೋದ ಕೊಡ್ತೀನಿ ಬನ್ರಿ.’

‘ಅದೇಟು ಅಂತ ಈಗ್ಲೇ ಹೇಳ್ಬುಡಿ. ನಾವು ಎಂಟು ಜನ ಅವ್ರೆ, ಬಂದ್ರೆ ಎಂಟೂ ಜನ ಬತ್ತೀವಿ, ಇಲ್ದಿದ್ರೆ ಒಬ್ರೂ ಇಲ್ಲ.’

ಇದರಲ್ಲಿ ಕೊಡಲಿ ಇಲ್ಲ, ಕೈಮುಗಿತವೂ ಇಲ್ಲ. ಕೊನೆಯ ಸಾಲಿನಲ್ಲಿ ಇಡೀ ವಿದ್ಯೆ ಇದೆ. ಈ ಹೆಂಗಸು ನಮ್ಮ ಸಾಹಿತ್ಯದೊಳಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ. ಅವಳ ಕಣ್ಣೀರು ಬಂದಿದೆ, ಅವಳ ಸೀರೆಯ ತೇಪೆ ಬಂದಿದೆ. ಅವಳ ಲೆಕ್ಕ ಬಂದಿಲ್ಲ.

ಅವಳು ಪೇಟೆಯಲ್ಲೂ ಇದ್ದಾಳೆ. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕ ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಬಂದು ಕೂತರು. ಬಹುಪಾಲು ಜನ ಯಾವ ಯೂನಿಯನ್ನಿಗೂ ಸೇರಿದವರಲ್ಲ, ದೊಡ್ಡ ಮುಂದಾಳು ಯಾರೂ ಇರಲಿಲ್ಲ. ಲಾಠಿ ಬಿತ್ತು, ಕೇಸೂ ಬಿದ್ದವು. ಆದರೆ ಎರಡನೆಯ ದಿನ, 19ನೇ ತಾರೀಖು, ಸರ್ಕಾರ ಆ ನಿಯಮ ವಾಪಸ್ಸು ತೆಗೆದುಕೊಂಡಿತು. 2022ರ ಜುಲೈ ಮೊದಲ ದಿನಗಳಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಎಷ್ಟೋ ವರ್ಷ ಮನವಿ ಪತ್ರ ಕೊಟ್ಟಾಗ ಕೇಳಿಸದಿದ್ದ ಕಿವಿಗಳಿಗೆ, ಕಸ ನಾಲ್ಕು ದಿನ ಬೀದಿಯಲ್ಲಿ ಉಳಿದಾಗ ಎಲ್ಲಾ ಕೇಳಿಸಿತು. ಖಾಯಂ ಮಾಡುವ ಭರವಸೆ ಬಂತು. ಭರವಸೆಯನ್ನು ಆದೇಶ ಮಾಡಿಸಿಕೊಳ್ಳುವುದು ಮತ್ತೊಂದು ಚೌಕಾಸಿ, ಅದೂ ಅಷ್ಟೇ ಕಷ್ಟದ್ದು. ಇವರಿಗೆ ನಗುವುದನ್ನು ಯಾರೂ ಕಲಿಸಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರೆ ಹಸಿವು, ಎಲ್ಲರೂ ಒಟ್ಟಿಗೆ ಎದ್ದರೆ ಬಲ ಎಂಬುದಷ್ಟೇ ಅವರಿಗೆ ಗೊತ್ತಿತ್ತು.

7

ಹಾಗಾದರೆ ನಮ್ಮ ಮಕ್ಕಳಿಗೆ ಏನು ಕಲಿಸಬೇಕು? ನಾನು ಹೇಳುವುದು ದೊಡ್ಡ ತತ್ವವಲ್ಲ. ಸಂಘದ ಮನೆಯಲ್ಲಿ, ಹಾಸ್ಟೆಲ್ಲಿನಲ್ಲಿ, ರಾತ್ರಿ ಶಾಲೆಯಲ್ಲಿ ಕಲಿಸಬಹುದಾದದ್ದು.

ಕೆಲಸಕ್ಕೆ ಕೈ ಹಾಕುವ ಮುಂಚೆ ಬೆಲೆ ಕೇಳಬೇಕು. ಮುಗಿದ ಮೇಲೆ ಕೇಳುವುದು ಚೌಕಾಸಿಯಲ್ಲ, ಬೇಡುವುದು. ಕಾನೂನಿನ ದರ ಎಷ್ಟು ಅಂತ ತಿಳಿದುಕೊಂಡೇ ಹೋಗಬೇಕು. ಆ ದರದ ಕೆಳಗೆ ಮಾತೇ ಇಲ್ಲ, ಚೌಕಾಸಿ ಶುರುವಾಗುವುದು ಅದರ ಮೇಲೆ. ಒಬ್ಬರೇ ಹೋಗಬಾರದು. ಇಬ್ಬರಾದರೂ ಹೋಗಬೇಕು, ಒಬ್ಬರು ಮಾತಾಡಬೇಕು, ಇನ್ನೊಬ್ಬರು ನೋಡುತ್ತಿರಬೇಕು. ಆಡಿದ ಮಾತನ್ನು ಅವತ್ತೇ ತಾರೀಖು ಹಾಕಿ ಬರೆದಿಡಬೇಕು, ಕೊಟ್ಟವರ ಕೈಲಿ ಚೀಟಿ ಬರೆಸಿಕೊಳ್ಳಬೇಕು. ಚೀಟಿ ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅನ್ನುತ್ತಾರೆ. ‘ನಂಬಿಕೆ ಐತೆ, ಚೀಟಿನೂ ಇರ್ಲಿ’ ಅನ್ನುವುದನ್ನು ಅಭ್ಯಾಸ ಮಾಡಬೇಕು. ಬಿಸಿಬಿಸಿಯಲ್ಲಿ ಒಪ್ಪಿಗೆ ಕೇಳಿದರೆ ‘ನಾಳೆ ಹೇಳ್ತೀನಿ’ ಅನ್ನಬೇಕು. ನಾಳೆ ಹೇಳ್ತೀನಿ ಅನ್ನಲು ಇವತ್ತಿನ ರಾತ್ರಿಗೆ ಮನೆಯಲ್ಲಿ ಹಿಟ್ಟಿರಬೇಕು. ಆದ್ದರಿಂದ ಸಂಘದ ಉಳಿತಾಯ, ಪಡಿತರ, ಉದ್ಯೋಗ ಖಾತ್ರಿಯ ಕೆಲಸ ಇವೆಲ್ಲವೂ ಈ ಪಾಠದ ಭಾಗಗಳೇ. ಏನನ್ನು ಬಿಟ್ಟುಕೊಡಬಹುದು, ಯಾವುದನ್ನು ಪ್ರಾಣ ಹೋದರೂ ಬಿಡಬಾರದು ಎಂಬುದನ್ನು ಹೋಗುವ ಮುಂಚೆ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಮರ್ಯಾದೆ ಬಿಡುವ ಪಟ್ಟಿಗೆ ಸೇರಬಾರದು.

ತರಬೇತಿ ಕೊಡಲು ಬರುವ ಟೈ ಕಟ್ಟಿದವರಿಗೂ ನಮ್ಮ ಹುಡುಗರು ಒಂದು ಪ್ರಶ್ನೆ ಕೇಳಲಿ: ಸಾರ್, ಒಪ್ಪದೇ ಎದ್ದು ಬಂದರೆ ನಮಗೆ ಏನು ಉಳಿಯುತ್ತೆ? ಈ ಪ್ರಶ್ನೆಗೆ ಉತ್ತರ ಕೊಡುವವರ ಪಾಠ ಕೇಳೋಣ. ಉಳಿದವರು ಕಲಿಸುವ ನಗೆಯಿಂದ ನಮ್ಮ ಅಪ್ಪಂದಿರಿಗೇ ಏನೂ ಸಿಗಲಿಲ್ಲ. ಧಣಿಯ ಮುಂದೆ ಅವರು ಬದುಕಿನುದ್ದಕ್ಕೂ ನಕ್ಕವರೇ.

ಬರೆಯುವ ಗೆಳೆಯರಲ್ಲಿ ಕೇಳಿಕೊಳ್ಳುವುದೂ ಒಂದೇ. ಚೋಮ ಸತ್ತು ತೊಂಬತ್ತು ವರ್ಷದ ಮೇಲಾಯಿತು. ಅವನ ಮೊಮ್ಮಗಳು ಇವತ್ತು ಫ್ಯಾಕ್ಟರಿಯ ಗೇಟಿನ ಮುಂದೆ ಏಳು ಜನರನ್ನು ಜೊತೆಗೆ ಕಟ್ಟಿಕೊಂಡು ಓವರ್‌ಟೈಮಿನ ಲೆಕ್ಕ ಕೇಳುತ್ತಾ ನಿಂತಿದ್ದಾಳೆ. ಅವಳು ಯಾವ ಮಾತು ಆಡಿದಳು, ಎಲ್ಲಿ ಸುಮ್ಮನಾದಳು, ಎಷ್ಟು ಕೇಳಿದಳು, ಎಷ್ಟಕ್ಕೆ ಒಪ್ಪಿದಳು, ಯಾಕೆ ಒಪ್ಪಿದಳು ಎಂಬುದನ್ನು ಹೋಗಿ ಕೇಳಿಕೊಂಡು ಬಂದು ಬರೆಯಿರಿ. ಮುಂದಿನ ಸಲ ಗೇಟಿನ ಮುಂದೆ ನಿಲ್ಲುವವಳಿಗೆ ಅದು ಉಪಯೋಗಕ್ಕೆ ಬರುತ್ತದೆ.